ಒಂದು ಪುಸ್ತಕದ ಋಣ

ಬೇಲೂರು ಹಳೇಬೀಡುಗಳ ಯಾತ್ರೆಯನ್ನು ವರ್ಣಿಸಿದ ಲೇಖನಗಳಿಗೆ ನಮ್ಮಲ್ಲಿ ಬರವಿಲ್ಲ. ಮದನಿಕೆಯರ ಭಂಗಿ, ಕಂಬಗಳ ನುಣುಪು, ಭಿತ್ತಿಗಳ ಮೇಲಣ ಪುರಾಣ ಕಥೆಗಳು, ಇವೆಲ್ಲವನ್ನೂ ನನಗಿಂತ ಬಲ್ಲವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. 2023ರಲ್ಲಿ ಈ ಎರಡು ಊರುಗಳ ದೇವಾಲಯಗಳೂ ಸೋಮನಾಥಪುರದ ದೇವಾಲಯವೂ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಹೊಸದಾಗಿ ಹೇಳತಕ್ಕದ್ದು ಏನೂ ಉಳಿದಂತಿಲ್ಲ. ಆದುದರಿಂದ ವಾಚಕ ಮಹಾಶಯರು ನನ್ನಿಂದ ಶಿಲ್ಪ ವಿಮರ್ಶೆಯನ್ನು ನಿರೀಕ್ಷಿಸದಿರಲಿ. ಸಾಲಗಾರನೊಬ್ಬನು ಸಾಲ ತೀರಿಸುವುದಕ್ಕಾಗಿ ಕೈಕೊಂಡ ಒಂದು ದಿನದ ಯಾತ್ರೆಯ ವೃತ್ತಾಂತವಿದು. ಸಾಲಗಾರನು ನಾನೇ, ಸಾಲವು ಒಂದು ಪುಸ್ತಕ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತನಾದೆ. ನಿವೃತ್ತನಾದವನ ಮೊದಲ ಉದ್ಯೋಗವು ಹಳೆಯ ಕಾಗದ ಪತ್ರಗಳನ್ನು ಅಣಿಗೊಳಿಸುವುದಷ್ಟೆ. ಹಾಗೆ ಟ್ರಂಕನ್ನು ಬಿಚ್ಚಿ ಕುಳಿತಿದ್ದಾಗ ಅದರ ತಳದಲ್ಲಿ, ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಒಂದು ಪುಸ್ತಕವು ಕೈಗೆ ಸಿಕ್ಕಿತು: ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಕೊನೆಯ ಖಾಲಿ ಹಾಳೆಯಲ್ಲಿ ಬಾಲಕರ ಅಕ್ಷರದಲ್ಲಿ ಐದು ಹೆಸರುಗಳು. ಮೊದಲಿನ ಎರಡು ಹೆಸರುಗಳ ಮುಂದೆ ಪುಸ್ತಕವನ್ನು ಪಡೆದ ದಿನ, ಹಿಂದಿರುಗಿಸಿದ ದಿನ. ಮೂರನೆಯ ಹೆಸರಿನ ಮುಂದೆ ಪಡೆದ ದಿನವು ಮಾತ್ರವಿದೆ. ಅದನ್ನು ಕಂಡೊಡನೆ 1994ರ ಒಂದು ಮಧ್ಯಾಹ್ನವು ಕಣ್ಣಮುಂದೆ ನಿಂತಿತು.

ಅಂದು ಅರಸೀಕೆರೆಯ ಸೀಮೆಯ ಒಂದು ಶಾಲೆಯ ಒಂಬತ್ತನೆಯ ತರಗತಿಗೆ ನಾನು ನವರಸಗಳ ಪರಿಚಯವನ್ನು ಮಾಡಿಕೊಡುತ್ತಿದ್ದೆನು. ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿಭಾವ, ಬ್ರಹ್ಮನು ಅಧಿದೇವತೆ, ಹಳದಿಯು ವರ್ಣ, ಎಂದು ಭರತಮುನಿಯ ಮತವನ್ನು ವಿವರಿಸುತ್ತಿದ್ದಾಗ ಮೂರನೆಯ ಸಾಲಿನ ಹುಡುಗನೊಬ್ಬನು ಪಠ್ಯಪುಸ್ತಕದ ಮರೆಯಲ್ಲಿ ಬೇರೆ ಪುಸ್ತಕವನ್ನು ಓದುತ್ತಿರುವುದು ಕಂಡಿತು. ಕಿತ್ತುಕೊಂಡೆನು. "ಸಾರ್, ಅದು ನನ್ನದಲ್ಲ" ಎಂದನು. ಯಾರದೆಂದು ನಾನು ಕೇಳಲಿಲ್ಲ. "ಹಾರುವ ಓತಿಯ ಕಥೆಯನ್ನೋದಿದರೆ ಪರೀಕ್ಷೆಯಲ್ಲಿ ಹಾರಬಹುದೇನು?" ಎಂದು ಹಾಸ್ಯ ಮಾಡಿ, ಪರೀಕ್ಷೆಯಾದ ಮೇಲೆ ಕೊಡುವೆನೆಂದು ಬೀರುವಿನಲ್ಲಿಟ್ಟೆನು. ಅಷ್ಟರಲ್ಲಿ ನನಗೆ ವರ್ಗವಾಯಿತು. ಸಾಮಾನುಗಳೊಂದಿಗೆ ಆ ಪುಸ್ತಕವೂ ಗಂಟುಕಟ್ಟಲ್ಪಟ್ಟು ಊರೂರು ತಿರುಗಿತು. ಅದ್ಭುತದ ಲಕ್ಷಣವನ್ನು ಕರಿಯ ಹಲಗೆಯ ಮೇಲೆ ಬರೆದು, ಅದ್ಭುತದ ಲಕ್ಷ್ಯವನ್ನು ಬೀಗ ಹಾಕಿಟ್ಟ ಪಂಡಿತನ ಕಥೆಯಿದು!

ಟ್ರಂಕಿನಲ್ಲಿ ಸಿಕ್ಕಿದ ದಿನ, ಏನಿದೆಯೋ ನೋಡೋಣವೆಂದು ರಾತ್ರಿಯ ಊಟವಾದ ಮೇಲೆ ತೆರೆದೆನು. 1980ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿಯೂ, ಜೇನಿನ ಮರ್ಮವನ್ನು ಬಲ್ಲ ಮಂದಣ್ಣನೆಂಬ ಹಳ್ಳಿಯವನೂ, ಕಥೆಯನ್ನು ಹೇಳುವ ಕೃಷಿಕನೂ ಕೂಡಿ ಘಟ್ಟದ ಕಾಡಿನಲ್ಲಿ ಹಾರುವ ಓತಿಯನ್ನು ಅರಸಿ ಹೋಗುತ್ತಾರೆ. ರಾತ್ರಿ ಒಂದು ಗಂಟೆಯಾದರೂ ಪುಸ್ತಕವು ಕೈಬಿಡಲಿಲ್ಲ. ನಮ್ಮ ಮನೆಯವರು ಎದ್ದು ಬಂದು, "ನಾಳೆ ಪರೀಕ್ಷೆಯೇನಾದರೂ ಉಂಟೇ?" ಎಂದು ಕೇಳಿದರು. ಪರೀಕ್ಷೆಯು ಅಂದೇ ನಡೆದಿತ್ತು. ಮೂವತ್ತು ವರ್ಷ ತಡವಾಗಿ ನಾನು ಕುಳಿತಿದ್ದೆನು.

ಹುಡುಗನನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವನು ಅರಸೀಕೆರೆಯಲ್ಲಿಯೇ ತೆಂಗಿನಕಾಯಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆಂದೂ, ಹೊಸ ವಿಜ್ಞಾನ ಕಥೆಗಳನ್ನೂ ಅದ್ಭುತ ಕಥೆಗಳನ್ನೂ ಓದುವ ಹತ್ತು ಹನ್ನೆರಡು ಜನರ ಕೂಟವೊಂದನ್ನು ನಡೆಸುತ್ತಿದ್ದಾನೆಂದೂ ತಿಳಿಯಿತು. ದೂರವಾಣಿಯಲ್ಲಿ ಮಾತಾಡಿದಾಗ, "ಮೇಷ್ಟ್ರೇ, ಬರುವ ಭಾನುವಾರ ನಾವೆಲ್ಲ ಹಳೇಬೀಡು ಬೇಲೂರುಗಳಿಗೆ ಹೋಗುತ್ತಿದ್ದೇವೆ. ನೀವು ಜೊತೆಯಲ್ಲಿ ಬಂದು ಶಿಲ್ಪಗಳ ಕಥೆ ಹೇಳಬೇಕು" ಎಂದು ಆಗ್ರಹಪಡಿಸಿದನು. ಒಪ್ಪಿಕೊಂಡೆನು. ಪುಸ್ತಕದ ಸಂಗತಿಯನ್ನು ಹೇಳಲು ಬಾಯಿ ಬರಲಿಲ್ಲ. ಅದನ್ನು ಕೈಚೀಲದಲ್ಲಿಟ್ಟುಕೊಂಡು ಹೊರಟೆನು.

ಅರಸೀಕೆರೆಯು ರೈಲುಗಳು ಕೂಡುವ ಊರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮಾರ್ಗಕ್ಕೆ ಮೈಸೂರು ಹಾಸನಗಳ ಮಾರ್ಗವು ಬಂದು ಸೇರುವುದು ಇಲ್ಲಿಯೇ. ಪ್ರಯಾಣಿಕರು ಇಳಿದು, ಕಾದು, ಬೇರೆ ಗಾಡಿಯನ್ನೇರಿ ಹೋಗುವರಲ್ಲದೆ ಊರೊಳಗಿನ ಶಿವಾಲಯವನ್ನು ನೋಡುವವರು ಕಡಿಮೆ. 1220ರ ಈ ದೇವಾಲಯವು ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಮಾಡಿದ ಒಂದು ಸಾಹಸ. ಇದರ ಮುಂದಣ ತೆರೆದ ಮಂಟಪವು ನಕ್ಷತ್ರಾಕಾರವಾಗಿದ್ದು, ಒಳಗೆ ನಿಂತು ತಲೆಯೆತ್ತಿದರೆ ಗುಮ್ಮಟದಂತೆ ಬಾಗಿದ ಚಾವಣಿಯು ಆಕಾಶದ ಭ್ರಾಂತಿಯನ್ನುಂಟುಮಾಡುತ್ತದೆ. ಬೆಳಗಿನ ಏಳು ಗಂಟೆಗೆ ನಮ್ಮ ಕೂಟವು ಇಲ್ಲಿಯೇ ಸೇರಿತು. ರೈಲ್ವೆಯಲ್ಲಿ ಕೆಲಸದಲ್ಲಿರುವ ಇಬ್ಬರು, ಪ್ರಾಥಮಿಕ ಶಾಲೆಯ ಒಬ್ಬ ಉಪಾಧ್ಯಾಯಿನಿ, ಒಬ್ಬ ದರ್ಜಿ, ಕಾಲೇಜಿನ ಮೂವರು ಹುಡುಗಿಯರು, ಇನ್ನೂ ಕೆಲವರು. ವಯಸ್ಸಿನಲ್ಲಿಯೂ ವೃತ್ತಿಯಲ್ಲಿಯೂ ಒಬ್ಬರಿಗೊಬ್ಬರಿಗೆ ಹೋಲಿಕೆಯಿಲ್ಲ. ಆದರೂ ಒಂದೇ ಮನೆಯ ಮಕ್ಕಳಂತೆ ವಾದಿಸುತ್ತಿದ್ದರು.

ಅವರ ಏರ್ಪಾಡು ಸರಳವಾದುದು. ಹೊಸ ಪುಸ್ತಕವೊಂದು ಹೊರಬೀಳಲಿದೆಯೆಂಬ ಸುದ್ದಿಯನ್ನು ಯಾರಾದರೊಬ್ಬರು ತರುತ್ತಾರೆ. ಎಲ್ಲರೂ ಹಣ ಕೂಡಿಸಿ ಒಂದು ಪ್ರತಿಯನ್ನು ತರಿಸುತ್ತಾರೆ. ಚೀಟಿಯೆತ್ತಿ ಸರದಿಯನ್ನು ಗೊತ್ತುಮಾಡುತ್ತಾರೆ. ಒಬ್ಬೊಬ್ಬರಿಗೂ ಹದಿನೈದು ದಿನದ ವಾಯಿದೆ. ಕಡೆಯವರು ಓದಿ ಮುಗಿಸುವವರೆಗೆ ಕಥೆಯ ಅಂತ್ಯವನ್ನು ಯಾರೂ ಬಾಯಿಬಿಡಕೂಡದು. ಬಿಟ್ಟವರು ಎಲ್ಲರಿಗೂ ಕಾಫಿ ಕೊಡಿಸಬೇಕು. ಎಲ್ಲರ ಓದೂ ಮುಗಿದ ಭಾನುವಾರ ಸಭೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರ ಕಥೆಗಳನ್ನೂ, ಮಹಾಭಾರತವನ್ನು ಅನ್ಯಲೋಕದವರ ಸಂಪರ್ಕದ ಕಥೆಯಾಗಿ ಕಟ್ಟಿದ ಮನು ಅವರ 'ಮಹಾಸಂಪರ್ಕ'ವನ್ನೂ ಹಳೆಯ ಅಂಗಡಿಗಳಲ್ಲಿ ಹುಡುಕಿ ತಂದಿದ್ದಾರೆ. ಇಂಗ್ಲಿಷನ್ನು ಬಲ್ಲವರು ಬಲ್ಲದವರಿಗೆ ಅಧ್ಯಾಯ ಅಧ್ಯಾಯವಾಗಿ ಕಥೆ ಹೇಳುತ್ತಾರೆ. ದರ್ಜಿಯು ಚೀನಾದೇಶದ ಲಿಯು ಸಿಶಿನ್ ಎಂಬವರ ಕಾದಂಬರಿಯನ್ನು ಹೀಗೆ ಕೇಳಿಯೇ ತಿಳಿದವನು. ಅದರ ಮೂರು ಸೂರ್ಯರ ಲೋಕವನ್ನು ಅವನು ನನಗೆ ವಿವರಿಸಿದ ಬಗೆಯು ಯಾವ ಉಪಾಧ್ಯಾಯನಿಗೂ ಹೊಟ್ಟೆಕಿಚ್ಚು ತರುವಂತಿತ್ತು.

ಬಸ್ಸು ಜಾವಗಲ್ಲಿನ ಮೇಲೆ ಹಳೇಬೀಡಿನ ಕಡೆಗೆ ಹೊರಟಿತು. ಇಕ್ಕೆಲದಲ್ಲಿಯೂ ತೆಂಗಿನ ತೋಟಗಳು, ನಡುನಡುವೆ ರಾಗಿಯ ಹೊಲ. ಪಕ್ಕದಲ್ಲಿ ಕುಳಿತಿದ್ದ ಹಳೆಯ ಶಿಷ್ಯನನ್ನು ಕೇಳಿದೆನು: "ಕಥೆಯನ್ನು ಒಬ್ಬನೇ ಕುಳಿತು ಓದಬಹುದಲ್ಲಪ್ಪಾ, ಇಷ್ಟು ಜನರ ಕೂಟವೇಕೆ?"

ಅವನು ನಕ್ಕು, "ಮೇಷ್ಟ್ರೇ, ನೀವು ಚಿಕ್ಕಂದಿನಲ್ಲಿ ಚಂದಮಾಮವನ್ನು ಓದಲಿಲ್ಲವೇ? ಒಬ್ಬರೇ ಓದುತ್ತಿದ್ದಿರಾ?" ಎಂದನು.

ನಾನು ನಿರುತ್ತರನಾದೆನು. ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು 1947ರ ಜುಲೈ ತಿಂಗಳಲ್ಲಿ ತೆಲುಗು ತಮಿಳುಗಳಲ್ಲಿ ಆರಂಭಿಸಿದ ಚಂದಮಾಮವು 1949ರ ಜುಲೈಯಿಂದ ಕನ್ನಡದಲ್ಲಿಯೂ ಬರತೊಡಗಿತು. ನನ್ನ ಬಾಲ್ಯದಲ್ಲಿ ತಿಂಗಳ ಮೊದಲ ವಾರವೆಂದರೆ ನಮ್ಮೂರಿನ ಏಳೆಂಟು ಹುಡುಗರು ಏಜೆಂಟರ ಅಂಗಡಿಯ ಜಗಲಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಒಬ್ಬನು ಗಟ್ಟಿಯಾಗಿ ಓದುವನು. ಮಿಕ್ಕವರು ಚಿತ್ರಕ್ಕಾಗಿ ಅವನ ಹೆಗಲ ಮೇಲೆ ಬೀಳುವರು. ಧಾರಾವಾಹಿಯು ನಿಂತ ಎಡೆಯಿಂದ ಮುಂದೇನಾಗುವುದೆಂದು ಮೂವತ್ತು ದಿನವೂ ವಾದ. ಬೇತಾಳನ ಪ್ರಶ್ನೆಗೆ ವಿಕ್ರಮನಿಗಿಂತ ಮೊದಲು ಉತ್ತರ ಹೇಳಿದವನೇ ಆ ತಿಂಗಳ ರಾಜ. ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದೇ. ಚಂದಮಾಮವು ಆ ಚೌಕಟ್ಟಿನಲ್ಲಿ ನೂರಾರು ಹೊಸ ಕಥೆಗಳನ್ನು ಕೂಡಿಸಿತು. ಇಪ್ಪತ್ತೈದರ ಮೂಲವನ್ನು ಹುಡುಕುವ ಕುತೂಹಲದಿಂದಲ್ಲವೆ ನಾನು ಸಂಸ್ಕೃತ ಪಾಠಶಾಲೆಯ ಮೆಟ್ಟಿಲನ್ನೇರಿದ್ದು? ವೇದಿಕೆಯ ಮೇಲೆ ನಿಂತು ಬೋಧಿಸುವಾಗ ಆ ಜಗಲಿಯನ್ನು ಮರೆತುಬಿಟ್ಟಿದ್ದೆನು.

ರೈಲ್ವೆಯ ಗೆಳೆಯರೊಬ್ಬರು ಮತ್ತೊಂದು ಸಂಗತಿಯನ್ನು ಹೇಳಿದರು. ಆ ಪತ್ರಿಕೆಯ ರೋಮಾಂಚಕಾರಿ ಧಾರಾವಾಹಿಗಳಲ್ಲಿ ಅನೇಕವನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ ಎಂಬವರು. ಆದರೆ ಆ ಧಾರಾವಾಹಿಗಳಿಗೆ ಲೇಖಕರ ಹೆಸರನ್ನು ಹಾಕುವ ಪದ್ಧತಿಯಿರಲಿಲ್ಲ. ಲಕ್ಷಾಂತರ ಮಕ್ಕಳು ಅವರ ಕಥೆಗಳಿಗಾಗಿ ಕಾದು ಕುಳಿತರೂ ಅವರ ಹೆಸರನ್ನರಿಯರು. ಅವರು 2010ರಲ್ಲಿ ತೀರಿಕೊಂಡರು. ಬೆಳೆದು ದೊಡ್ಡವರಾದ ತೆಲುಗು ಓದುಗರೇ ಅವರ ಹೆಸರನ್ನು ಬೆಳಕಿಗೆ ತಂದವರು. ಓದುಗರ ಪ್ರೀತಿಯು ಒಂದು ಋಣವನ್ನು ಹೀಗೂ ತೀರಿಸಬಲ್ಲುದು.

ಇಂಥ ಕೂಟಗಳು ನಮ್ಮ ನಾಡಿನಲ್ಲಿ ಮಾತ್ರವೆಂದಲ್ಲ. ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು 1926ರಲ್ಲಿ ವಿಜ್ಞಾನ ಕಥೆಗಳಿಗೆಂದೇ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆಯನ್ನು ತೆಗೆದರಂತೆ. ಅದರಲ್ಲಿ ಓದುಗರ ಕಾಗದಗಳನ್ನು ಅವರವರ ವಿಳಾಸಸಹಿತವಾಗಿ ಅಚ್ಚುಹಾಕುತ್ತಿದ್ದುದರಿಂದ ಓದುಗರು ಒಬ್ಬರಿಗೊಬ್ಬರು ಬರೆದುಕೊಳ್ಳತೊಡಗಿದರು, ಊರೂರಿಗೆ ಕೂಟಗಳಾದವು. 1939ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಮೊದಲ ವಿಶ್ವಸಮ್ಮೇಳನವು ನಡೆಯಿತು. 1953ರಿಂದ ಆ ಸಮ್ಮೇಳನವು ಕೊಡುತ್ತ ಬಂದಿರುವ ಬಹುಮಾನಕ್ಕೆ ಹ್ಯೂಗೋ ಎಂದೇ ಹೆಸರು. ಪಂಡಿತರ ಮಂಡಲಿಯಲ್ಲ, ಓದುಗರೇ ಮತ ಕೊಟ್ಟು ಆರಿಸುವ ಬಹುಮಾನವದು. ದರ್ಜಿಯ ಮೆಚ್ಚಿನ ಚೀನೀ ಕಾದಂಬರಿಯು ಇಂಗ್ಲಿಷಿಗೆ ಬಂದು 2015ರಲ್ಲಿ ಅದನ್ನು ಪಡೆಯಿತು. ಕಾಲೇಜಿನ ಹುಡುಗಿಯೊಬ್ಬಳು, "ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬರಲಿಲ್ಲವೇ ಸಾರ್? ಕನ್ನಡದ ವಿಜ್ಞಾನ ಕಥೆಗೂ ಒಂದು ದಿನ ಬಂದೀತು" ಎಂದಳು. ತಥಾಸ್ತು ಎಂದೆನು.

ಮಾತಿನಲ್ಲಿಯೇ ಹಳೇಬೀಡು ಬಂದಿತು. ಬೀಡೆಂದರೆ ರಾಜಧಾನಿ, ದೋರಸಮುದ್ರವೆಂಬ ಹೆಸರಿನಿಂದ ಮೆರೆದು, 1311ರಲ್ಲಿ ಮಲಿಕ್ ಕಾಫೂರನ ದಾಳಿಗೆ ತುತ್ತಾಗಿ, ಆ ಶತಮಾನದಲ್ಲಿಯೇ ಹಾಳುಬಿದ್ದ ಪಟ್ಟಣವಿದು. ವಿಷ್ಣುವರ್ಧನನ ಕಾಲದಲ್ಲಿ ಕೇತಮಲ್ಲನೆಂಬ ಅಧಿಕಾರಿಯು 1121ರಲ್ಲಿ ಕಟ್ಟಿಸತೊಡಗಿದ ಹೊಯ್ಸಳೇಶ್ವರನ ಗುಡಿಯ ಸುತ್ತ ನಾವು ಪ್ರದಕ್ಷಿಣೆ ಹೊರಟೆವು. ಕೆಳಗೆ ಆನೆಗಳ ಸಾಲು, ಮೇಲೆ ಸಿಂಹಗಳು, ಬಳ್ಳಿ, ಕುದುರೆಗಳು, ಪುರಾಣದ ಕಥೆಗಳು; ಅದಕ್ಕೂ ಮೇಲೆ ಮಕರಗಳು, ಹಂಸಗಳು. ಕೂಟದವರೆಲ್ಲ ಮಕರದ ಮುಂದೆ ನಿಂತುಬಿಟ್ಟರು. ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ! ಒಂದೊಂದು ಅಂಗವೂ ಲೋಕದಲ್ಲಿ ಕಂಡದ್ದೇ. ಕೂಡಿದ ಪ್ರಾಣಿಯು ಮಾತ್ರ ಎಲ್ಲಿಯೂ ಇಲ್ಲ. "ನಮ್ಮ ಕಥೆಗಾರರು ಮಾಡುವುದೂ ಇದನ್ನೇ" ಎಂದು ಉಪಾಧ್ಯಾಯಿನಿಯವರು ಹೇಳಿದರು. ನನಗೆ ಇದಕ್ಕಿಂತ ಒಳ್ಳೆಯ ಲಕ್ಷಣ ವಾಕ್ಯವು ಹೊಳೆಯಲಿಲ್ಲ.

ನೆರಳಿನಲ್ಲಿ ಕುಳಿತು ಬುತ್ತಿಯನ್ನು ಬಿಚ್ಚಿದಾಗ ಕಥೆ ಹೇಳುವ ಸರದಿಯು ನನ್ನದಾಯಿತು. ಸೋಮದೇವನು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ರಾಣಿ ಸೂರ್ಯವತಿಗಾಗಿ ಬರೆದ ಕಥಾಸಾಗರದಿಂದ ಮಯಾಸುರನ ಮಗಳು ಸೋಮಪ್ರಭೆಯು ಬುಟ್ಟಿಯಲ್ಲಿ ತರುವ ಮರದ ಯಂತ್ರದ ಗೊಂಬೆಗಳನ್ನೂ, ರಾಜ್ಯಧರನೆಂಬ ಬಡಗಿಯು ನಿರ್ಜನವಾದ ಪಟ್ಟಣದಲ್ಲಿ ಮರದ ಜನರನ್ನು ಮಾಡಿ ನಡೆದಾಡಿಸಿ ಒಬ್ಬನೇ ಅರಸನಂತೆ ಬಾಳುತ್ತಿದ್ದುದನ್ನೂ ಹೇಳಿದೆನು. ಆಗ ದರ್ಜಿಯು, "ಆ ಬಡಗಿಗೆ ಮಾತಾಡಲು ಒಬ್ಬರೂ ಇರಲಿಲ್ಲವೇ?" ಎಂದು ಕೇಳಿದನು. ಒಂಟಿತನವೇ ಆ ಕಥೆಯ ತಿರುಳೆಂದು ಇಷ್ಟು ವರ್ಷ ನನಗೆ ತೋರಿರಲಿಲ್ಲ.

ಅನಂತರ ಗುಣಾಢ್ಯನ ಕಥೆ. ಆತನು ಏಳು ಲಕ್ಷ ಗ್ರಂಥಗಳಷ್ಟು ದೊಡ್ಡ ಕಥೆಯನ್ನು ಪೈಶಾಚೀ ಭಾಷೆಯಲ್ಲಿ ತನ್ನ ರಕ್ತದಿಂದ ಬರೆದನು. ಸಾತವಾಹನ ರಾಜನು ಇದು ಪಿಶಾಚಿಗಳ ನುಡಿಯೆಂದು ತಿರಸ್ಕರಿಸಿದನು. ಮನನೊಂದ ಕವಿಯು ಬೆಟ್ಟದ ಮೇಲೆ ಬೆಂಕಿಯನ್ನು ಹೊತ್ತಿಸಿ, ಒಂದೊಂದು ಎಲೆಯನ್ನೂ ಮೃಗಪಕ್ಷಿಗಳಿಗೆ ಓದಿ ಹೇಳಿ ಅಗ್ನಿಗೆ ಹಾಕತೊಡಗಿದನು. ಜಿಂಕೆ ಕಾಡುಹಂದಿಗಳೆಲ್ಲ ಮೇವನ್ನು ಬಿಟ್ಟು, ಕಣ್ಣೀರು ಸುರಿಸುತ್ತ ಕೇಳುತ್ತಿದ್ದುವು. ರಾಜನಿಗೆ ಸಂಗತಿಯು ತಿಳಿದು ಓಡಿ ಬರುವ ವೇಳೆಗೆ ಆರು ಲಕ್ಷವು ಬೂದಿಯಾಗಿ ಒಂದು ಲಕ್ಷವು ಮಾತ್ರ ಉಳಿದಿತ್ತು. ಅದೇ ಬೃಹತ್ಕಥೆ.

"ಹಾಗಾದರೆ ಆ ಜಿಂಕೆ ಹಂದಿಗಳೇ ನಮ್ಮ ಕೂಟದ ಮೊದಲ ಸದಸ್ಯರು" ಎಂದು ನನ್ನ ಶಿಷ್ಯನು ನಗುತ್ತ ಹೇಳಿದನು. ಎಲ್ಲರೂ ನಕ್ಕರು. ನನಗೆ ಮಾತ್ರ ಕೈಚೀಲವು ಭಾರವಾದಂತಾಯಿತು. ರಾಜನು ಓದದೆ ತಿರಸ್ಕರಿಸಿದನು. ನಾನು ಮಾಡಿದ್ದೂ ಅದೇ ಅಲ್ಲವೆ?

ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ, ಹೀಗೆ. ಮದನಿಕೆಗಳನ್ನು ನೋಡುವುದಕ್ಕಿಂತ ಆ ಹೆಸರುಗಳನ್ನು ಹುಡುಕುವುದರಲ್ಲಿಯೇ ನಮ್ಮ ಕೂಟದವರಿಗೆ ಹೆಚ್ಚು ಸಂಭ್ರಮ. ಹೆಸರಿಲ್ಲದೆ ಬರೆದ ಚಂದಮಾಮದ ಲೇಖಕರ ನೆನಪು ಅವರ ಮನಸ್ಸಿನಲ್ಲಿದ್ದಿರಬೇಕು.

ಕಡೆಗೆ ಗಂಡಭೇರುಂಡದ ಶಿಲ್ಪದ ಮುಂದೆ ಬಂದೆವು. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಎರಡು ತಲೆಯ ಗಂಡಭೇರುಂಡ. ಮೊದಲ ನಾಲ್ಕು ಪ್ರಾಣಿಗಳು ಕಾಡಿನವು, ಕಡೆಯ ಎರಡು ಕಲ್ಪನೆಯವು. ಇದ್ದುದರಿಂದ ಇಲ್ಲದುದರ ಕಡೆಗೆ ಶಿಲ್ಪಿಯು ನಮ್ಮನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾನೆ. ಇದನ್ನೆಲ್ಲ ನೋಡಿ ಬೆರಗಾಗಿ ನಿಂತಿರುವ ಒಬ್ಬ ಮುನಿಯನ್ನೂ ಅಲ್ಲಿಯೇ ಕಡೆದಿದ್ದಾನೆ. ಹಿಂದೆ ಎಷ್ಟೋ ಸಲ ಮಕ್ಕಳನ್ನು ಕರೆತಂದು ತೋರಿಸಿದ್ದಾಗ ನಾನು ಪ್ರಾಣಿಗಳನ್ನು ಮಾತ್ರ ಎಣಿಸುತ್ತಿದ್ದೆನು. ಆ ಮುನಿಯು ಯಾರೆಂಬುದು ಅಂದು ತಿಳಿಯಿತು. ಆತನು ಓದುಗನು. ಬೆರಗಾಗುವವನೊಬ್ಬನಿಲ್ಲದೆ ಅದ್ಭುತವು ಪೂರ್ತಿಯಾಗದೆಂದು ಶಿಲ್ಪಿಗೆ ತಿಳಿದಿತ್ತು. ಚಮತ್ಕಾರವೇ ರಸದ ಸಾರವಾದ್ದರಿಂದ ಎಲ್ಲ ರಸಗಳಲ್ಲಿಯೂ ಅದ್ಭುತವೇ ಇರುವುದೆಂದು ನಾರಾಯಣನೆಂಬ ಆಲಂಕಾರಿಕನ ಮತವನ್ನು ವಿಶ್ವನಾಥನು 'ಸಾಹಿತ್ಯದರ್ಪಣ'ದಲ್ಲಿ ಎತ್ತಿ ಹೇಳುತ್ತಾನೆ. ನಾನು ಅದನ್ನು ಬಾಯಿಪಾಠ ಮಾಡಿದ್ದೆನು, ಅಷ್ಟೆ.

ಮಿಕ್ಕವರು ಮುಂದೆ ಹೋದಾಗ ಶಿಷ್ಯನನ್ನು ನಿಲ್ಲಿಸಿ, ಚೀಲದಿಂದ ಪುಸ್ತಕವನ್ನು ತೆಗೆದು ಅವನ ಕೈಯಲ್ಲಿಟ್ಟೆನು. "ಇದು ನಿನ್ನದು. ನಾನು ತಪ್ಪು ಮಾಡಿದೆನಪ್ಪಾ" ಎಂದೆನು.

ಅವನು ರಟ್ಟನ್ನು ಸವರಿದನು. ಕಡೆಯ ಹಾಳೆಯನ್ನು ತೆರೆದು ಬಹಳ ಹೊತ್ತು ನೋಡಿದನು. "ನನ್ನದಲ್ಲ ಮೇಷ್ಟ್ರೇ. ಐದು ಜನ ತಿಂಡಿಯ ಕಾಸು ಕೂಡಿಸಿ ಕೊಂಡದ್ದು. ನನ್ನ ಮುಂದಿನ ಸರದಿ ಇವನದು" ಎಂದು ನಾಲ್ಕನೆಯ ಹೆಸರನ್ನು ತೋರಿಸಿದನು. "ನಿಮ್ಮ ಹೆಸರು ಹೇಳಿದರೆ ಅವರೆಲ್ಲ ಬಂದು ನಿಮ್ಮನ್ನು ಕೇಳುತ್ತಿದ್ದರು, ನೀವು ಎಲ್ಲರ ಮನೆಗೂ ತಿಳಿಸುತ್ತಿದ್ದಿರಿ. ಹೆದರಿ, ಕಳೆದುಹೋಯಿತೆಂದೆ. ಇವನು ಮಾತ್ರ ನಂಬಲಿಲ್ಲ, ಮಾರಿಕೊಂಡೆನೆಂದು ತಿಳಿದ. ಅಂದಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಈಗ ಹುಬ್ಬಳ್ಳಿಯಲ್ಲಿದ್ದಾನೆ."

ಒಂದು ಪುಸ್ತಕವನ್ನು ಕಿತ್ತುಕೊಂಡೆನೆಂದು ನಾನು ತಿಳಿದಿದ್ದೆನು. ಒಂದು ಸ್ನೇಹವನ್ನೇ ಕಿತ್ತುಕೊಂಡಿದ್ದೆನು. ಗುಡಿಯ ಪ್ರಾಕಾರದಲ್ಲಿ ಕುಳಿತು, ಒಂದು ಕಾಗದದ ಮೇಲೆ ಹೀಗೆ ಬರೆದೆನು: 'ಈ ಪುಸ್ತಕವನ್ನು 1994ರಲ್ಲಿ ತರಗತಿಯಲ್ಲಿ ಕಿತ್ತುಕೊಂಡು ಇಷ್ಟು ವರ್ಷ ಇಟ್ಟುಕೊಂಡವನು ನಾನು. ನಿನ್ನ ಗೆಳೆಯನದು ತಪ್ಪಿಲ್ಲ. ನಾನೂ ಈಗ ಓದಿದ್ದೇನೆ, ಅಂತ್ಯವನ್ನು ಹೇಳುವುದಿಲ್ಲ.' ಕೆಳಗೆ ನನ್ನ ಹೆಸರನ್ನೂ ಊರನ್ನೂ ಬರೆದೆನು. ಪುಸ್ತಕದ ಕಡೆಯ ಹಾಳೆಯಲ್ಲಿ ಶಿಷ್ಯನು ತನ್ನ ಹೆಸರಿನ ಮುಂದೆ, ಖಾಲಿ ಉಳಿದಿದ್ದ ಎಡೆಯಲ್ಲಿ, ಆ ದಿನದ ತಾರೀಖನ್ನು ಹಾಕಿದನು.

ಹಿಂದಿರುಗುವಾಗ ಬಸ್ಸಿನಲ್ಲಿ ದೊಡ್ಡ ವಾದವೆದ್ದಿತು. 'ಕರ್ವಾಲೊ' ವಿಜ್ಞಾನ ಕಥೆಯೇ, ಅಲ್ಲವೇ? ಹಾರುವ ಓತಿಗಳು ಪಶ್ಚಿಮಘಟ್ಟದಲ್ಲಿ ನಿಜವಾಗಿಯೂ ಇವೆಯಲ್ಲ, ಪಕ್ಕೆಯ ಚರ್ಮವನ್ನು ಹರಡಿ ಮರದಿಂದ ಮರಕ್ಕೆ ತೇಲುತ್ತವೆಯಲ್ಲ, ಇರುವುದರ ಕಥೆಯು ಅದ್ಭುತ ಕಥೆ ಹೇಗಾದೀತೆಂದು ಒಂದು ಪಕ್ಷ. ಇರುವುದನ್ನೇ ಮೊದಲ ಸಲ ಕಂಡಂತೆ ಕಾಣಿಸುವುದಕ್ಕಿಂತ ದೊಡ್ಡ ಅದ್ಭುತವುಂಟೇ ಎಂದು ಇನ್ನೊಂದು ಪಕ್ಷ. ತೀರ್ಪು ಹೇಳೆಂದು ನನ್ನನ್ನು ಕೇಳಿದರು. ಮೂವತ್ತು ವರ್ಷ ತೀರ್ಪು ಹೇಳಿದ್ದು ಸಾಕೆಂದು, ಎರಡನೆಯ ಪಕ್ಷದ ಕಡೆಗೆ ಹೋಗಿ ಕುಳಿತು ನಾನೂ ವಾದಿಸಿದೆನು. ಅರಸೀಕೆರೆಯಲ್ಲಿ ಇಳಿದಾಗ ಗಂಟಲು ಕಟ್ಟಿತ್ತು.

ಮರುದಿನ ಪುಸ್ತಕವೂ ನನ್ನ ಕಾಗದವೂ ಅಂಚೆಯಲ್ಲಿ ಹುಬ್ಬಳ್ಳಿಗೆ ಹೋದುವು. ಎರಡು ವಾರ ಯಾವ ಸುದ್ದಿಯೂ ಇಲ್ಲ. ಹದಿನಾರನೆಯ ದಿನ ಶಿಷ್ಯನು ದೂರವಾಣಿಯಲ್ಲಿ ಕರೆದನು. ಪುಸ್ತಕವು ಹಿಂದಕ್ಕೆ ಬಂದಿತ್ತು. ನಾಲ್ಕನೆಯ ಹೆಸರಿನ ಮುಂದೆ ಎರಡು ತಾರೀಖುಗಳೂ ಇದ್ದುವಂತೆ. ವಾಯಿದೆಯು ಒಂದು ದಿನವೂ ಮೀರಿರಲಿಲ್ಲ. ಜೊತೆಯಲ್ಲಿ ಬಂದಿದ್ದ ಚೀಟಿಯನ್ನು ಅವನು ಓದಿ ಹೇಳಿದನು: 'ಭಾನುವಾರ ಅರಸೀಕೆರೆಗೆ ಬರುತ್ತೇನೆ. ಸ್ಟೇಷನ್ನಿನಲ್ಲಿರು. ಅಂತ್ಯದ ವಿಷಯ ಮಾತಾಡಬೇಕು.'